ಎರಡೂವರೆ ತಿಂಗಳಿಗೇ ಏದುಸಿರು ಯಾಕೆ?

ಪ್ರಶ್ನೆ: ಡಾಕ್ಟ್ರೇ, ನನಗೆ 24 ವರ್ಷ. ಶಿಡ್ಲಘಟ್ಟದ ಹತ್ತಿರ ಒಂದು ಹಳ್ಳಿ ನಮ್ಮದು. ಚೊಚ್ಚಲು ಬಸುರಿ, ಈಗ ಎರಡೂವರೆ ತಿಂಗಳು. ಹೊಟ್ಟೆ ಇನ್ನೂ ಕಾಣಿಸುತ್ತಲೇ ಇಲ್ಲ, ಆಗಲೇ ಉಸಿರು ಸಾಲುತ್ತಿಲ್ಲ. ಮುದ್ದೆ ತಿರುವುವಾಗ ಮಧ್ಯೆ ಕೋಲು ಬಿಟ್ಟು ಸುಧಾರಿಸಿಕೊಳ್ಳಬೇಕು. ರೇಷ್ಮೆ ಹುಳದ ಮನೆಗೆ ಸೊಪ್ಪು ಹೊತ್ತುಕೊಂಡು ಹೋದರೆ ಬಾಗಿಲಲ್ಲೇ ಕೂರುತ್ತೇನೆ. ಸುಮ್ನೆ ಕೂತಿದ್ದಾಗಲೂ ಒಮ್ಮೊಮ್ಮೆ ಉದ್ದಕ್ಕೆ ಉಸಿರು ಎಳೆದುಕೊಳ್ಳಬೇಕು ಅನ್ನಿಸುತ್ತದೆ. ಮಲಗಿದರೆ ತೊಂದರೆ ಇಲ್ಲ, ನಿದ್ದೆ ಚೆನ್ನಾಗಿ ಬರುತ್ತದೆ. ಅತ್ತೆ 'ಗ್ಯಾಸ್ ಇರ್ಬೇಕು, ಸೋಡಾ ಕುಡಿ' ಎನ್ನುತ್ತಾರೆ. ಪಕ್ಕದ ಮನೆಯವರು 'ಅವಳಿ ಮಕ್ಕಳಿರ್ಬೇಕು' ಎನ್ನುತ್ತಾರೆ. ತಾಯಿ ಕಾರ್ಡಿನಲ್ಲಿ ಹಿಮೋಗ್ಲೋಬಿನ್ 9.6 ಅಂತ ಬರೆದಿದ್ದಾರೆ. ಕಾರ್ಡು ಬರೆದ ಕಡೆ ಕೇಳಿದರೆ 'ಬಸುರಿಯರಿಗೆ ಇದೆಲ್ಲ ಮಾಮೂಲಿ' ಎಂದು ಕಳಿಸಿದರು. ನಿಜವಾಗಿಯೂ ಮಾಮೂಲಿಯಾ? ನನಗೇ ಉಸಿರು ಸಾಲದಿದ್ದರೆ ಮಗುವಿಗೆ ಸಾಲುತ್ತದಾ? (ಹೆಸರು ಬೇಡ)

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತೇನೆ, ಯಾಕೆಂದರೆ ನಿದ್ದೆ ಕೆಡಿಸುವುದು ಅದೇ. ನೀವು ಬರೆದಿರುವ ತರದ ಏದುಸಿರಿನಿಂದ ಮಗುವಿಗೆ ಗಾಳಿ ಕಮ್ಮಿಯಾಗುವುದಿಲ್ಲ. ನೀವು ಈಗ ಬಸುರಾಗುವ ಮುಂಚಿಗಿಂತ ಜಾಸ್ತಿ ಗಾಳಿ ಎಳೆದುಕೊಳ್ಳುತ್ತಿದ್ದೀರಿ. ಕಮ್ಮಿ ಅಲ್ಲ.

ಹೊಟ್ಟೆ ದೊಡ್ಡದಾಗಿ ಶ್ವಾಸಕೋಶ ಒತ್ತುತ್ತದೆ, ಅದಕ್ಕೇ ಏದುಸಿರು ಎಂದು ಎಲ್ಲರೂ ಅಂದುಕೊಂಡಿರುತ್ತಾರೆ. ಅದು ಏಳೆಂಟು ತಿಂಗಳ ಮಾತು. ಎರಡೂವರೆ ತಿಂಗಳಿಗೆ ಗರ್ಭಕೋಶ ಇನ್ನೂ ಕಿಬ್ಬೊಟ್ಟೆಯ ಮೂಳೆಯ ಹಿಂದೆಯೇ ಇರುತ್ತದೆ, ಅದು ಯಾವ ಶ್ವಾಸಕೋಶವನ್ನೂ ಒತ್ತಲಾರದು. ಈಗ ಕೆಲಸ ಮಾಡುತ್ತಿರುವುದು ಪ್ರೊಜೆಸ್ಟರಾನ್ ಎಂಬ ಹಾರ್ಮೋನು. ಗರ್ಭ ನಿಲ್ಲಿಸುವುದು ಅದರ ಮುಖ್ಯ ಕೆಲಸ. ಜೊತೆಗೆ ಮೆದುಳಿನಲ್ಲಿ ಉಸಿರಾಟ ನೋಡಿಕೊಳ್ಳುವ ಜಾಗಕ್ಕೂ ಹೋಗಿ 'ಇನ್ನೂ ಎಳಿ, ಇನ್ನೂ ಎಳಿ' ಎಂದು ಹೇಳುತ್ತಿರುತ್ತದೆ. ಉಸಿರಿನ ಲೆಕ್ಕ ನಿಮಿಷಕ್ಕೆ ಹೆಚ್ಚು ಬದಲಾಗುವುದಿಲ್ಲ, ಒಂದೊಂದು ಉಸಿರೂ ಆಳವಾಗುತ್ತದೆ. ಬಸುರಿಲ್ಲದಾಗ ನಿಮಿಷಕ್ಕೆ ಏಳೆಂಟು ಲೀಟರ್ ಗಾಳಿ ಒಳಗೆ ಹೋಗಿಬರುತ್ತಿದ್ದರೆ, ದಿನ ತುಂಬುವ ಹೊತ್ತಿಗೆ ಅದು ಹತ್ತು ಹನ್ನೊಂದು ಲೀಟರ್ ಆಗುತ್ತದೆ. ಆ ಏರಿಕೆ ಶುರುವಾಗುವುದು ಮೊದಲ ವಾರಗಳಲ್ಲೇ. ಹೀಗೆ ಎಳೆದಿದ್ದರಿಂದ ನಿಮ್ಮ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ, ಮಗುವಿನ ಕಡೆಯದು ಸುಲಭವಾಗಿ ನಿಮ್ಮ ಕಡೆಗೆ ಹರಿದು ಬರುತ್ತದೆ. ಅಂದರೆ ಈ ವ್ಯವಸ್ಥೆ ಇರುವುದೇ ಮಗುವಿಗೋಸ್ಕರ. ನಿಮಗೆ ಮಾತ್ರ ಅದು 'ಉಸಿರು ಸಾಲುತ್ತಿಲ್ಲ' ಎಂದು ಗೊತ್ತಾಗುತ್ತದೆ. ಸುಮ್ನೆ ಕೂತಾಗ ಉದ್ದುಸಿರು ಬರುವುದೂ ಇದೇ ಕಾರಣಕ್ಕೆ. ಬಸುರಿಯರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಯಾವುದಾದರೊಂದು ತಿಂಗಳಲ್ಲಿ ಈ ಮಾತು ಹೇಳಿಯೇ ಹೇಳುತ್ತಾರೆ.

ಹೃದಯದ ಕೆಲಸವೂ ಇದೇ ಸಮಯದಲ್ಲಿ ಏರುತ್ತದೆ. ಮೈಯಲ್ಲಿ ರಕ್ತ ಕೊನೆಗೆ ಶೇ 40ರಿಂದ 50ರಷ್ಟು ಹೆಚ್ಚುತ್ತದೆ, ಅದರಲ್ಲಿ ನೀರಿನ ಭಾಗವೇ ಜಾಸ್ತಿ.

ಇಷ್ಟಕ್ಕೇ ನಿಲ್ಲಿಸಿದರೆ ನಾನೂ 'ಮಾಮೂಲಿ' ಎಂದು ಕಳಿಸಿದ ಹಾಗೇ ಆಗುತ್ತದೆ, ಅಲ್ವಾ? ಎದೆಗೆ ಸ್ಟೆತಸ್ಕೋಪ್ ಇಟ್ಟು, ಬಿಪಿ ನೋಡಿ, ತಾಯಿ ಕಾರ್ಡು ತೆರೆದು ನೋಡಿದ ಮೇಲೆ ಮಾತ್ರ ಆ ಮಾತು ಹೇಳಬೇಕು. ನಿಮ್ಮ ಕಾರ್ಡಿನಲ್ಲಿರುವ 9.6 ಮಾಮೂಲಿ ಅಲ್ಲ. ಬಸುರಿಗೆ ಕನಿಷ್ಠ 11 ಗ್ರಾಂ ಇರಬೇಕು. 10ಕ್ಕಿಂತ ಕೆಳಗೆ ಬಂದರೆ ಅದು ಮಧ್ಯಮ ರಕ್ತಹೀನತೆ, 7ಕ್ಕಿಂತ ಕೆಳಗಾದರೆ ತೀವ್ರ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಬಸುರಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಜನಕ್ಕೆ ರಕ್ತ ಕಮ್ಮಿ ಇತ್ತು. ಎಲ್ಲರಿಗೂ ಇದೆ ಎಂದಾದಾಗ ಯಾರಿಗೂ ಅದು ಕಾಯಿಲೆ ಅನ್ನಿಸುವುದಿಲ್ಲ, ಕಾರ್ಡು ಬರೆಯುವವರಿಗೂ.

9.6 ಒಂದೇ ನಿಮಗೆ ಈ ಮಟ್ಟದ ಏದುಸಿರು ತರುತ್ತದೆ ಎಂದು ನಾನು ಹೇಳುವುದಿಲ್ಲ. ಹಾರ್ಮೋನಿನ ಜೊತೆ ಅದೂ ಸೇರಿಕೊಂಡಿದೆ. ಮೂರನೆಯದು ನಿಮ್ಮ ಅಡುಗೆ ಮನೆಯಲ್ಲಿದೆ ಎಂದು ನನ್ನ ಅನುಮಾನ. ನೀವು ಬರೆದಿಲ್ಲ, ಆದರೆ ರೇಷ್ಮೆ ಸಾಕುವ ಮನೆಗಳನ್ನು ನಾನು ಸಾಕಷ್ಟು ನೋಡಿದ್ದೇನೆ. ಸಿಲಿಂಡರ್ ಇರುತ್ತದೆ, ಅದರ ಮೇಲೆ ಕಾಫಿ, ಟೀ. ಮುದ್ದೆಗೆ, ಸ್ನಾನದ ನೀರಿಗೆ ಒಲೆ. ಒಲೆಗೆ ಹಿಪ್ಪುನೇರಳೆ ಕಡ್ಡಿ. ಹುಳ ಸೊಪ್ಪು ತಿಂದು ಬಿಟ್ಟ ಕಡ್ಡಿ ಗೋಡೆಗೆ ಒರಗಿಸಿ ಒಣಗಿಸಿದ್ದು, ದುಡ್ಡಿಲ್ಲದ ಸೌದೆ. ಮಳೆಗಾಲದಲ್ಲಿ ಅರ್ಧ ಒಣಗಿರುತ್ತದೆ, ಊದಿದಷ್ಟೂ ಹೊಗೆ. ಮುದ್ದೆ ತಿರುವಬೇಕಾದರೆ ಪಾತ್ರೆಯನ್ನು ಕವೆಕೋಲಿನಿಂದ ಒತ್ತಿ ಹಿಡಿದು, ಬಗ್ಗಿ, ಮುಖವನ್ನು ಆ ಹೊಗೆ ಮೇಲೇ ಇಟ್ಟುಕೊಂಡು ಎರಡೂ ಕೈಯಿಂದ ಬಲ ಹಾಕಬೇಕು. ಬಸುರಿಲ್ಲದ ನನಗೇ ಅಲ್ಲಿ ಉಸಿರು ಕಟ್ಟುತ್ತದೆ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಹೋಗಿ ಕೂರುವುದು ಹಿಮೋಗ್ಲೋಬಿನ್ ಮೇಲೆಯೇ, ಆಮ್ಲಜನಕ ಕೂರಬೇಕಾದ ಜಾಗದಲ್ಲಿ. ಮೊದಲೇ 9.6, ಅದರಲ್ಲೂ ಒಂದು ಪಾಲು ಹೊಗೆಗೆ ಹೋದರೆ ಏನು ಉಳಿಯಿತು? ಹೆರಿಗೆಯಾಗುವ ತನಕ ಮುದ್ದೆ ಗ್ಯಾಸಿನ ಮೇಲಾಗಲಿ. ಇಲ್ಲವೇ ಯಜಮಾನರು ತಿರುವಲಿ, ಆ ಕೈಗಳಲ್ಲೂ ಬಲ ಇದೆ.

ಹುಳದ ಮನೆ ಬಗ್ಗೆಯೂ ಎರಡು ಮಾತು. ಸೊಪ್ಪು ಹಾಕಬೇಡಿ ಎಂದರೆ ನೀವು ಕೇಳುವುದಿಲ್ಲ, ನನಗೆ ಗೊತ್ತು. ನಾಲ್ಕನೇ ಜ್ವರ (ಹುಳ ಪೊರೆ ಬಿಡುವ ಹಂತ) ಎದ್ದ ಮೇಲೆ ಹುಳಕ್ಕೆ ಎಷ್ಟು ಹಾಕಿದರೂ ಸಾಲದು, ಆ ವಾರ ಮನೆಯಲ್ಲಿ ಯಾರೂ ನೆಟ್ಟಗೆ ಮಲಗುವುದಿಲ್ಲ. ಹೊರೆ ಹೊರುವುದನ್ನು ಬೇರೆಯವರಿಗೆ ಬಿಟ್ಟು, ನೀವು ತಟ್ಟೆ ಹತ್ತಿರ ನಿಂತು ಸೊಪ್ಪು ಹರಡಿ. ಆದರೆ ಬೆಳೆ ಮುಗಿದ ಮೇಲೆ ಮನೆ ತೊಳೆದು ಬ್ಲೀಚಿಂಗ್ ಪೌಡರ್, ಫಾರ್ಮಾಲಿನ್ ಹೊಡೆಯುವ ದಿನ ಆ ಕಡೆ ತಲೆ ಹಾಕಬೇಡಿ. ಸುಣ್ಣದ ಪುಡಿ ಉದುರಿಸುವುದೂ ಬೇಡ. ಬಾಗಿಲು ತೆರೆದಿಟ್ಟು ವಾಸನೆ ಪೂರ್ತಿ ಹೋದ ಮೇಲೆ ಹೋಗಿ.

ಇನ್ನು ರಕ್ತದ ವಿಷಯ. ಫೋಲಿಕ್ ಆಸಿಡ್ ಮಾತ್ರೆ ಈಗಾಗಲೇ ಶುರುವಾಗಿರಬೇಕು, ಇಲ್ಲದಿದ್ದರೆ ಇವತ್ತೇ ಆಶಾ ಕಾರ್ಯಕರ್ತೆಯನ್ನು ಕೇಳಿ. ಕಬ್ಬಿಣದ ಕೆಂಪು ಮಾತ್ರೆ ಸಾಮಾನ್ಯವಾಗಿ ನಾಲ್ಕನೇ ತಿಂಗಳಿಂದ ದಿನಕ್ಕೊಂದು. ಅದರಲ್ಲಿ 60 ಮಿಲಿಗ್ರಾಂ ಕಬ್ಬಿಣ ಇರುತ್ತದೆ. ರಕ್ತ ಕಮ್ಮಿ ಇದ್ದವರಿಗೆ ದಿನಕ್ಕೆರಡು. ನಿಮಗೆ 9.6 ಇರುವುದರಿಂದ ಅಲ್ಲಿಯ ತನಕ ಕಾಯಬೇಕೇ, ಈಗಲೇ ಶುರು ಮಾಡಬೇಕೇ ಎಂದು ವೈದ್ಯರನ್ನು ನೇರವಾಗಿ ಕೇಳಿ. ವಾಂತಿ ಜೋರಾಗಿದ್ದರೆ ಅದನ್ನೂ ಹೇಳಿ. ಮಾತ್ರೆ ಶುರುವಾಗಿ ಒಂದು ತಿಂಗಳಿಗೆ ಸುಮಾರು ಒಂದು ಗ್ರಾಂ ಏರಬೇಕು. ಏರಲಿಲ್ಲವೆಂದರೆ ಮಾತ್ರೆ ಬದಲಿಸುತ್ತಾ ಕೂರಬೇಡಿ, ಕಾರಣ ಹುಡುಕಿಸಿ. ಬಿ12 ಕಮ್ಮಿ ಇರಬಹುದು, ಹೊಟ್ಟೆಹುಳ ಇರಬಹುದು, ಥಲಸ್ಸೀಮಿಯಾ ಎಂಬ ಹುಟ್ಟಿನಿಂದ ಬರುವ ರಕ್ತದ ಕಾಯಿಲೆಯ ವಾಹಕರಾಗಿರಬಹುದು. ಹೊಟ್ಟೆಹುಳದ ಮಾತ್ರೆ ಮೂರು ತಿಂಗಳು ಕಳೆದ ಮೇಲೆ ಮಾತ್ರ.

ಕಬ್ಬಿಣದ ಮಾತ್ರೆ ತಿಂದರೆ ಮಲ ಕಪ್ಪಗಾಗುತ್ತದೆ, ಹೆದರಬೇಡಿ. ಮಗು ಕಪ್ಪಗಾಗುವುದಿಲ್ಲ. ಈ ಹಳೇ ಮಾತಿಗೆ ಹೆದರಿ ಮಾತ್ರೆಗಳನ್ನು ಕಿಟಕಿಯಿಂದ ಆಚೆ ಎಸೆದವರನ್ನು ನೋಡಿ ನೋಡಿ ನನಗೆ ಸಾಕಾಗಿದೆ. ಮಾತ್ರೆ ನುಂಗಿ ಒಂದು ಗಂಟೆ ಕಾಫಿ, ಟೀ, ಹಾಲು ಬೇಡ. ಕ್ಯಾಲ್ಸಿಯಂ ಮಾತ್ರೆ ಬೇರೆ ಹೊತ್ತಿಗೆ. ಗ್ಯಾಸಿಗೆಂದು ಕುಡಿಯುವ ಪುಡಿ ಕೂಡ ಕಬ್ಬಿಣ ಮೈಗೆ ಹಿಡಿಯದ ಹಾಗೆ ಮಾಡುತ್ತದೆ. ನಮ್ಮ ಕಡೆ ತಲೆನೋವಿನಿಂದ ಹಿಡಿದು ಎದೆನೋವಿನ ತನಕ ಎಲ್ಲವೂ ಗ್ಯಾಸೇ!

ಊಟದಲ್ಲಿ ಬಸ್ಸಾರು, ನುಗ್ಗೆ ಸೊಪ್ಪು, ದಂಟಿನ ಸೊಪ್ಪು, ಹುರುಳಿಕಾಳು ಒಳ್ಳೆಯದು. ರಾಗಿಯಲ್ಲಿ ಸುಣ್ಣದಂಶ ಚೆನ್ನಾಗಿದೆ, ಕಬ್ಬಿಣ ಅಂದುಕೊಂಡಷ್ಟು ಇಲ್ಲ, ಇರುವುದೂ ಸಲೀಸಾಗಿ ಮೈಗೆ ಹಿಡಿಯುವುದಿಲ್ಲ. ಉಪ್ಸಾರಿಗೆ ಒಂದು ಹೋಳು ನಿಂಬೆಹಣ್ಣು ಹಿಂಡಿಕೊಂಡು ಮುದ್ದೆ ನುಂಗಿದರೆ ಜಾಸ್ತಿ ಹಿಡಿಯುತ್ತದೆ. ಬೀಟ್ರೂಟ್ ಬಣ್ಣ ನೋಡಿ ರಕ್ತ ಎಂದು ಮೋಸ ಹೋಗಬೇಡಿ. ರಕ್ತಕ್ಕೆ ಒಳ್ಳೆಯದೆಂದು ಕುರಿ ಲಿವರ್ ತಿನ್ನಿಸುತ್ತಾರೆ, ಅದರಲ್ಲಿ ವಿಟಮಿನ್ ಎ ತೀರಾ ಜಾಸ್ತಿ, ಬಸುರಿಯಲ್ಲಿ ಬೇಡ. ಮಾಂಸ, ಮೊಟ್ಟೆ ಧಾರಾಳವಾಗಿ ತಿನ್ನಿ. ಅಂಗನವಾಡಿಯಲ್ಲಿ ಬಸುರಿ, ಬಾಣಂತಿಯರಿಗೆ ಊಟ ಕೊಡುವ ಮಾತೃಪೂರ್ಣ ಯೋಜನೆ 2017ರಿಂದ ಇದೆ, ನಾಚಿಕೆ ಬಿಟ್ಟು ಹೆಸರು ಬರೆಸಿ. ಆದರೆ ಊಟವೊಂದರಿಂದಲೇ 9.6 ಅನ್ನು 11ಕ್ಕೆ ಏರಿಸುತ್ತೇನೆ ಎಂದು ಹೊರಡಬೇಡಿ, ಬಸುರಿಯಲ್ಲಿ ಅಷ್ಟು ಸಮಯ ಇರುವುದಿಲ್ಲ.

ಅವಳಿ ಮಕ್ಕಳಿದ್ದರೆ ಏದುಸಿರು ಇನ್ನಷ್ಟು ಇರಬಹುದು. ಏದುಸಿರು ನೋಡಿ ಅವಳಿ ಎಂದು ಹೇಳುವುದು ಮಾತ್ರ ಆಗದ ಮಾತು. 11ರಿಂದ 14 ವಾರದೊಳಗೆ ಸ್ಕ್ಯಾನ್ ಮಾಡಿಸಿ, ಪಕ್ಕದ ಮನೆಯವರಿಗಿಂತ ಅದು ಸರಿಯಾಗಿ ಹೇಳುತ್ತದೆ.

ಈಗ ಹೆದರಬೇಕಾದ್ದು. ನಿಮ್ಮ ಪತ್ರದಲ್ಲಿ ನನಗೆ ಸಮಾಧಾನ ತಂದ ಸಾಲು 'ಮಲಗಿದರೆ ತೊಂದರೆ ಇಲ್ಲ' ಎಂಬುದು. ಅಂಗಾತ ಮಲಗಲು ಆಗುತ್ತಿಲ್ಲ, ದಿಂಬು ಎತ್ತರ ಮಾಡಿಕೊಳ್ಳಬೇಕು, ಮಧ್ಯರಾತ್ರಿ ಉಸಿರು ಕಟ್ಟಿ ಎದ್ದು ಕೂರುತ್ತೇನೆ ಎಂದರೆ ಅದು ಹೃದಯದ ಮಾತು. ಅಮ್ಮನನ್ನು ಒಂದು ವಿಷಯ ಕೇಳಿ: ಚಿಕ್ಕವಳಿದ್ದಾಗ ಜ್ವರದ ಜೊತೆ ಮಂಡಿ, ಮೊಣಕೈ ಊದಿ ನೋವಾಗುತ್ತಿತ್ತಾ? ಮೂರು ವಾರಕ್ಕೊಮ್ಮೆ ಪೆನ್ಸಿಲಿನ್ ಸೂಜಿ ಹಾಕಿಸುತ್ತಿದ್ದರಾ? ಅದು ಸಂಧಿವಾತ ಜ್ವರ. ಹೃದಯದ ಕವಾಟ ಕೆಡಿಸಿ ವರ್ಷಗಟ್ಟಲೆ ಸುಮ್ಮನಿರುತ್ತದೆ. ಮದುವೆಯಾಗಿ ಬಸುರಾದಾಗ, ರಕ್ತ ಹೆಚ್ಚಿದಾಗ, ಮೊದಲ ಸಲ ಏದುಸಿರಾಗಿ ಹೊರಗೆ ಬರುತ್ತದೆ. ಎದೆಗೆ ಸ್ಟೆತಸ್ಕೋಪ್ ಇಡದೆ ಯಾರೂ ನಿಮ್ಮನ್ನು ಕಳಿಸಬಾರದು ಎಂದದ್ದು ಇದಕ್ಕೇ. ಶಬ್ದದಲ್ಲಿ ಅನುಮಾನ ಬಂದರೆ ಎಕೋ (ಹೃದಯದ ಸ್ಕ್ಯಾನ್) ಮಾಡಿಸುತ್ತಾರೆ, ಅದರಿಂದ ಮಗುವಿಗೆ ಏನೂ ಆಗುವುದಿಲ್ಲ.

ಇದ್ದಕ್ಕಿದ್ದಂತೆ ಉಸಿರು ಹಿಡಿದುಕೊಂಡರೆ, ಎದೆ ಚುಚ್ಚಿದರೆ, ಕೆಮ್ಮಿನಲ್ಲಿ ರಕ್ತ ಬಂದರೆ, ಒಂದೇ ಕಾಲು ಊದಿ ನೋಯುತ್ತಿದ್ದರೆ, ತುಟಿ ನೀಲಿಗಟ್ಟಿದರೆ, ಒಂದು ವಾಕ್ಯ ಪೂರ್ತಿ ಮಾತಾಡಲು ಆಗದಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ, 108ಕ್ಕೆ ಫೋನ್ ಮಾಡಿ. ಇನ್ನೂ ಸ್ಕ್ಯಾನ್ ಆಗಿರದ ಮೊದಲ ತಿಂಗಳುಗಳಲ್ಲಿ ಕಿಬ್ಬೊಟ್ಟೆ ಒಂದು ಕಡೆ ಜೋರಾಗಿ ನೋಯುತ್ತಾ, ಭುಜದ ತುದಿ ನೋಯುತ್ತಾ, ಕಣ್ಣು ಕತ್ತಲೆ ಬಂದರೂ ಅಷ್ಟೇ. ಗರ್ಭವು ಗರ್ಭಕೋಶದ ಬದಲು ಪಕ್ಕದ ನಳಿಕೆಯಲ್ಲಿ ನಿಂತು ಒಡೆದಿರಬಹುದು.

ಇದ್ಯಾವುದೂ ಇಲ್ಲ, ಎದೆಯ ಶಬ್ದ ಸರಿಯಿದೆ ಎಂದು ವೈದ್ಯರು ಹೇಳಿದರೆ ನಿಮ್ಮದು ಹಾರ್ಮೋನಿನ ಏದುಸಿರು. ಆಯಾಸವಾದಾಗ ಕೂತು ಭುಜ ಸಡಿಲ ಬಿಡಿ, ಐದು ನಿಮಿಷದಲ್ಲಿ ಇಳಿಯುತ್ತದೆ. ದಿನಾ ಸ್ವಲ್ಪ ನಡೆಯುವುದನ್ನು ಬಿಡಬೇಡಿ.

ಪ್ರಶ್ನೆ: ನನಗೆ ಚಿಕ್ಕಂದಿನಿಂದ ಆಸ್ತಮಾ. ಎರಡು ತಿಂಗಳ ಬಸುರಿ ಎಂದು ಗೊತ್ತಾದ ದಿನದಿಂದ ಇನ್‌ಹೇಲರ್ ನಿಲ್ಲಿಸಿದ್ದೇನೆ. ಈಗ ರಾತ್ರಿ ಎದೆ ಸುಯ್ ಎನ್ನುತ್ತದೆ. (ಗೌರಿಬಿದನೂರು)

ಉತ್ತರ: ಇವತ್ತೇ ಮತ್ತೆ ಶುರು ಮಾಡಿ, ನಾಳೆ ವೈದ್ಯರನ್ನು ನೋಡಿ. ಇನ್‌ಹೇಲರಿನ ಮದ್ದು ಹೆಚ್ಚಿನ ಪಾಲು ಶ್ವಾಸಕೋಶದಲ್ಲೇ ಕೆಲಸ ಮಾಡುತ್ತದೆ. ಮಗುವಿಗೆ ತೊಂದರೆ ಕೊಡುವುದು ಹತೋಟಿ ತಪ್ಪಿದ ಆಸ್ತಮಾ. ಬಸುರಿಯಲ್ಲಿ ಆಸ್ತಮಾ ಸುಮಾರು ಮೂರರಲ್ಲಿ ಒಬ್ಬರಿಗೆ ಕಮ್ಮಿಯಾಗುತ್ತದೆ, ಒಬ್ಬರಿಗೆ ಹೆಚ್ಚುತ್ತದೆ, ಒಬ್ಬರಿಗೆ ಹಾಗೇ ಇರುತ್ತದೆ. ನಿಮ್ಮದು ಯಾವ ಗುಂಪು ಎಂದು ಮದ್ದು ಬಿಟ್ಟು ಪರೀಕ್ಷೆ ಮಾಡಲು ಹೋಗಬೇಡಿ.

ಪ್ರಶ್ನೆ: ಕೊರೊನಾ ಕಾಲದಲ್ಲಿ ತಂದ ಆಕ್ಸಿಮೀಟರ್ ಮನೆಯಲ್ಲಿದೆ. ಮೂರು ತಿಂಗಳ ಬಸುರಿ ಸೊಸೆ ಬೆರಳಿಗೆ ಹಾಕಿದರೆ ಒಮ್ಮೆ 98, ಒಮ್ಮೆ 91 ತೋರಿಸುತ್ತದೆ. ಯಾವುದನ್ನು ನಂಬಲಿ? (ಬಾಗೇಪಲ್ಲಿ)

ಉತ್ತರ: ಉಗುರಿನ ಬಣ್ಣ ತೆಗೆಸಿ, ಕೈ ಉಜ್ಜಿ ಬೆಚ್ಚಗೆ ಮಾಡಿ, ಬ್ಯಾಟರಿ ಹೊಸದು ಹಾಕಿ, ಅಂಕಿ ನಿಲ್ಲುವ ತನಕ ಕಾಯಿರಿ. ಆಮೇಲೂ 95ಕ್ಕಿಂತ ಕೆಳಗೇ ನಿಂತರೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. 98 ಬಂದರೂ ರಕ್ತ ಸರಿಯಿದೆ ಎಂದು ಅರ್ಥ ಅಲ್ಲ. ಇರುವ ಹಿಮೋಗ್ಲೋಬಿನ್‌ನಲ್ಲಿ ಎಷ್ಟು ಪಾಲಿಗೆ ಆಮ್ಲಜನಕ ತುಂಬಿದೆ ಎಂದಷ್ಟೇ ಅದು ಹೇಳುತ್ತದೆ. ಹಿಮೋಗ್ಲೋಬಿನ್ ಎಷ್ಟಿದೆ ಎಂಬುದಕ್ಕೆ ರಕ್ತ ಪರೀಕ್ಷೆಯೇ ಬೇಕು.

ಪ್ರಶ್ನೆ: ಹೆಂಡತಿಗೆ ಮೂರು ತಿಂಗಳು. ನಂದಿ ಬೆಟ್ಟ ನೋಡಬೇಕು ಎನ್ನುತ್ತಾಳೆ. ಮೇಲೆ ಗಾಳಿ ತೆಳುವಾಗಿ ಉಸಿರು ಕಟ್ಟುತ್ತದಾ? (ಚಿಂತಾಮಣಿ)

ಉತ್ತರ: ಇಲ್ಲ. ಬೆಟ್ಟ ಇರುವುದು 1478 ಮೀಟರ್, ನಾವಿರುವ ಬಯಲೇ ಸುಮಾರು 900 ಮೀಟರ್ ಎತ್ತರದಲ್ಲಿದೆ. ಆ ವ್ಯತ್ಯಾಸ ಬಸುರಿಗೆ ಲೆಕ್ಕಕ್ಕಿಲ್ಲ. ಮೆಟ್ಟಿಲು ಹತ್ತಿಸಬೇಡಿ, ಬಸ್ಸಿನಲ್ಲೋ ಕಾರಿನಲ್ಲೋ ಹೋಗಿ. ತಿರುವುಗಳಲ್ಲಿ ವಾಂತಿ ಬರಬಹುದು, ಒಂದು ಕವರ್ ಇಟ್ಟುಕೊಳ್ಳಿ. ಮೇಲೆ ಕೋತಿಗಳಿವೆ, ತಿಂಡಿ ಚೀಲ ನೀವೇ ಹಿಡಿದುಕೊಳ್ಳಿ.