ಕೋಶಪೊರೆಯ ಅಣುಗಳ ನಡುವೆ ರಾಸಾಯನಿಕ ಬಂಧವಿಲ್ಲದಿದ್ದರೆ ಅದು ಚದುರಿಹೋಗದೆ ಉಳಿಯುವುದು ಹೇಗೆ?

ಕೋಶಪೊರೆಯಲ್ಲಿರುವ ಕೊಬ್ಬಿನ ಅಣುಗಳು ಒಂದಕ್ಕೊಂದು ಬೆಸೆದುಕೊಂಡಿಲ್ಲ ಎಂದು ಓದಿದ್ದೀರಿ. ಹಾಗಿದ್ದರೆ ಪೊರೆ ಒಟ್ಟಾಗಿ ನಿಲ್ಲುವುದು ಹೇಗೆ, ಗಟ್ಟಿಯಾದ ಬಂಧಗಳಿದ್ದಿದ್ದರೆ ಜೀವಕೋಶಕ್ಕೆ ಇನ್ನೂ ಒಳ್ಳೆಯದಾಗುತ್ತಿರಲಿಲ್ಲವೇ ಎಂಬುದು ನಿಮ್ಮ ಪ್ರಶ್ನೆ. ಜೀವಶಾಸ್ತ್ರ ಕಲಿಸುವ ನನಗೆ ಇದು ಬಹಳ ಮುಖ್ಯವಾದ ಪ್ರಶ್ನೆ ಎನಿಸುತ್ತದೆ, ಏಕೆಂದರೆ ಪೊರೆಯನ್ನು ಹಿಡಿದಿಟ್ಟಿರುವುದು ಅದರ ಒಳಗೂ ಹೊರಗೂ ಇರುವ ನೀರು ಎಂಬ ಸಂಗತಿಯನ್ನು ಪಠ್ಯಗಳು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿಬಿಡುತ್ತವೆ.

ನೀರಿನ ಅಣುವಿನಲ್ಲಿ ಆಮ್ಲಜನಕವು ಎಲೆಕ್ಟ್ರಾನುಗಳನ್ನು ತನ್ನ ಕಡೆಗೆ ಹೆಚ್ಚು ಸೆಳೆದುಕೊಳ್ಳುವುದರಿಂದ ಆ ಬದಿಯಲ್ಲಿ ಅಲ್ಪ ಋಣಾವೇಶವೂ ಹೈಡ್ರೋಜನ್ನುಗಳ ಬದಿಯಲ್ಲಿ ಅಲ್ಪ ಧನಾವೇಶವೂ ಉಂಟಾಗುತ್ತವೆ. ಹೀಗಾಗಿ ಒಂದು ಅಣುವಿನ ಹೈಡ್ರೋಜನ್ ಪಕ್ಕದ ಅಣುವಿನ ಆಮ್ಲಜನಕದ ಸೆಳೆತಕ್ಕೆ ಸಿಕ್ಕಿ ಅವುಗಳ ನಡುವೆ ಹೈಡ್ರೋಜನ್ ಬಂಧ ಏರ್ಪಡುತ್ತದೆ. ಈ ಬಂಧ ತೀರ ದುರ್ಬಲವಾದದ್ದು: ಎರಡು ಇಂಗಾಲದ ಪರಮಾಣುಗಳ ನಡುವಿನ ಒಂಟಿ ಬಂಧವನ್ನು ಮುರಿಯಲು ಒಂದು ಮೋಲ್‌ಗೆ ಸುಮಾರು 350 ಕಿಲೋಜೌಲ್ ಬೇಕಾದರೆ ಇದಕ್ಕೆ ಸುಮಾರು 20 ಕಿಲೋಜೌಲ್ ಸಾಕು. ಆದ್ದರಿಂದಲೇ ದ್ರವರೂಪದ ನೀರಿನಲ್ಲಿ ಈ ಬಂಧಗಳು ಕ್ಷಣಕ್ಷಣವೂ ಮುರಿಯುತ್ತ, ಬೇರೆ ಜೊತೆಗಾರರೊಂದಿಗೆ ಮತ್ತೆ ಕೂಡುತ್ತ ಇರುತ್ತವೆ.

ಈಗ ಈ ನೀರಿಗೆ ಒಂದು ಫಾಸ್ಫೋಲಿಪಿಡ್ ಅಣು, ಅಂದರೆ ಒಂದು ತಲೆಯೂ ಎರಡು ಬಾಲಗಳೂ ಇರುವ, ಪೊರೆಯ ಮುಖ್ಯ ಕೊಬ್ಬಿನ ಅಣು, ಬಂದಿತೆಂದುಕೊಳ್ಳಿ. ಅದರ ತಲೆಯಲ್ಲಿ ಆವೇಶವುಳ್ಳ ಫಾಸ್ಫೇಟ್ ಇರುವುದರಿಂದ ನೀರು ಅದನ್ನು ಸುಲಭವಾಗಿ ಸುತ್ತುವರಿಯುತ್ತದೆ. ತೊಂದರೆ ಬರುವುದು ಎರಡು ಬಾಲಗಳಿಂದ. ಪ್ರತಿಯೊಂದು ಬಾಲವೂ ಸಾಮಾನ್ಯವಾಗಿ 16 ಅಥವಾ 18 ಇಂಗಾಲಗಳಷ್ಟು ಉದ್ದದ ಸರಪಳಿ, ಅದರಲ್ಲಿ ನೀರು ಹಿಡಿದುಕೊಳ್ಳಬಹುದಾದ ಆವೇಶ ಎಲ್ಲಿಯೂ ಇಲ್ಲ. ಬಾಲದ ಮೇಲ್ಮೈಗೆ ತಾಗಿಕೊಂಡಿರುವ ನೀರಿನ ಅಣುಗಳು ತಮ್ಮ ಹೈಡ್ರೋಜನ್ ಬಂಧಗಳನ್ನು ಕಳೆದುಕೊಳ್ಳದಿರಬೇಕಾದರೆ ಬಾಲದ ಕಡೆಗೆ ಮುಖ ಮಾಡದೆ ಪರಸ್ಪರ ಮಾತ್ರ ಕೈಹಿಡಿಯುವಂತೆ, ಕೆಲವೇ ದಿಕ್ಕುಗಳಲ್ಲಿ ತಿರುಗಿ ನಿಲ್ಲಬೇಕಾಗುತ್ತದೆ. ಬೇಕಾದಂತೆ ತಿರುಗಾಡುತ್ತಿದ್ದ ಅಣುಗಳ ಸ್ವಾತಂತ್ರ್ಯ ಹೀಗೆ ಕಡಿಮೆಯಾಗುವುದನ್ನೇ ಎಂಟ್ರೊಪಿ ಇಳಿಯಿತು ಎಂದು ಹೇಳುವುದು, ಮತ್ತು ನಿಸರ್ಗದಲ್ಲಿ ಅದಕ್ಕೆ ಬೆಲೆ ತೆರಬೇಕಾಗುತ್ತದೆ. ಆದರೆ ಹಲವು ಬಾಲಗಳು ಒಂದೆಡೆ ಸೇರಿಕೊಂಡರೆ ನೀರಿಗೆ ತಾಗುವ ಮೇಲ್ಮೈ ಕಿರಿದಾಗುತ್ತದೆ, ಕಟ್ಟುಬಿದ್ದಿದ್ದ ನೀರಿನ ಅಣುಗಳು ಬಿಡುಗಡೆಯಾಗುತ್ತವೆ, ಒಟ್ಟು ವ್ಯವಸ್ಥೆಯ ಎಂಟ್ರೊಪಿ ಏರುತ್ತದೆ. ಬಾಲಗಳು ಒಂದನ್ನೊಂದು ಬಲವಾಗಿ ಆಕರ್ಷಿಸುವುದರಿಂದ ಗುಂಪುಗೂಡುತ್ತವೆ ಎಂದು ಅನೇಕರು ತಿಳಿದಿರುತ್ತಾರೆ. ಅವುಗಳ ನಡುವೆ ಇರುವ ಸೆಳೆತ ಅಲ್ಪವಾದದ್ದು, ಮುಖ್ಯವಾದ ಒತ್ತಾಯ ನೀರಿನದು.

ಗುಂಪಿನ ಆಕಾರವನ್ನು ಅಣುವಿನ ಆಕಾರವೇ ನಿರ್ಧರಿಸುತ್ತದೆ. ಒಂದೇ ಬಾಲವಿರುವ ಸಾಬೂನಿನ ಅಣುಗಳು ಬಾಲವನ್ನು ಒಳಗಿಟ್ಟುಕೊಂಡು ಪುಟ್ಟ ಗೋಳಗಳಾಗುತ್ತವೆ. ಎರಡು ಬಾಲಗಳಿರುವ ಫಾಸ್ಫೋಲಿಪಿಡ್ ಹೆಚ್ಚುಕಡಿಮೆ ಸಿಲಿಂಡರಿನ ಆಕಾರದ್ದಾಗಿರುವುದರಿಂದ ಬಾಲಕ್ಕೆ ಬಾಲ ಎದುರಾಗಿರುವ ಎರಡು ಪದರಗಳ ಹಾಳೆಯಾಗುತ್ತದೆ. ಹಾಳೆಗೆ ಅಂಚಿದ್ದರೆ ಅಲ್ಲಿ ಬಾಲಗಳು ಮತ್ತೆ ನೀರಿಗೆ ತೆರೆದುಕೊಳ್ಳುತ್ತವೆ. ಆದ್ದರಿಂದ ಅದು ಬಾಗಿ ಮುಚ್ಚಿಕೊಂಡು ಚೀಲವಾಗುತ್ತದೆ. ಪೊರೆಯಲ್ಲಿ ಸಣ್ಣ ತೂತು ಬಿದ್ದರೆ ತಾನಾಗಿ ಮುಚ್ಚಿಕೊಳ್ಳುವುದಕ್ಕೂ ಇದೇ ಕಾರಣ.

ಎರಡು ಪದರಗಳಿವೆ ಎಂಬುದನ್ನು 1925ರಲ್ಲಿ ನೆದರ್ಲೆಂಡ್ಸ್‌ನ ಲೈಡನ್ ನಗರದ ವಿಜ್ಞಾನಿಗಳಾದ ಗೋರ್ಟರ್ ಮತ್ತು ಗ್ರೆಂಡೆಲ್ ಅಂದಾಜಿಸಿದ ಬಗೆ ನನಗೆ ಬಹಳ ಇಷ್ಟ. ಸಸ್ತನಿಗಳ ಕೆಂಪು ರಕ್ತಕಣದಲ್ಲಿ ಕೋಶಕೇಂದ್ರವಾಗಲಿ ಒಳಪೊರೆಗಳಾಗಲಿ ಇಲ್ಲದಿರುವುದರಿಂದ ಅದರಲ್ಲಿ ಸಿಗುವ ಕೊಬ್ಬೆಲ್ಲ ಹೊರಪೊರೆಯದೇ ಆಗಿರಬೇಕು. ಅವರು ಆ ಕೊಬ್ಬನ್ನು ಅಸಿಟೋನಿನಿಂದ ಬೇರ್ಪಡಿಸಿ, ನೀರಿನ ಮೇಲೆ ಒಂದೇ ಅಣುವಿನಷ್ಟು ದಪ್ಪಕ್ಕೆ ಹರಡಿ, ಅದು ಆವರಿಸಿದ ವಿಸ್ತೀರ್ಣವನ್ನು ರಕ್ತಕಣಗಳ ಒಟ್ಟು ಮೇಲ್ಮೈಯೊಂದಿಗೆ ಹೋಲಿಸಿದರು; ಸುಮಾರು ಎರಡರಷ್ಟಿತ್ತು. ಕೊಬ್ಬು ಪೂರ್ತಿಯಾಗಿ ಬೇರ್ಪಟ್ಟಿರಲಿಲ್ಲ, ರಕ್ತಕಣದ ಮೇಲ್ಮೈಯನ್ನೂ ಕಡಿಮೆ ಲೆಕ್ಕ ಹಾಕಲಾಗಿತ್ತು, ಈ ಎರಡು ಕೊರತೆಗಳು ಒಂದನ್ನೊಂದು ಸರಿದೂಗಿಸಿಕೊಂಡವು ಎಂದು ಆಮೇಲೆ ಗೊತ್ತಾಯಿತು. ಆದರೂ ತೀರ್ಮಾನ ಸರಿಯಾಗಿಯೇ ಇತ್ತು.

ಇನ್ನು ಗಟ್ಟಿ ಬಂಧಗಳ ವಿಚಾರ. ಹಾಗಿದ್ದಿದ್ದರೆ ಪೊರೆಯ ಹರಿವು, ಅಂದರೆ ಅದರ ಅಣುಗಳು ಪದರದೊಳಗೆ ಅಕ್ಕಪಕ್ಕ ಸರಿದಾಡುವುದು, ನಿಂತುಹೋಗುತ್ತಿತ್ತು, ಜೀವಕೋಶಕ್ಕೆ ಬೇಕಾಗಿರುವುದು ಆ ಹರಿವೇ. 1970ರಲ್ಲಿ ಫ್ರೈ ಮತ್ತು ಎಡಿಡಿನ್ ಎಂಬ ವಿಜ್ಞಾನಿಗಳು ಇಲಿಯ ಕೋಶವನ್ನೂ ಮನುಷ್ಯನ ಕೋಶವನ್ನೂ ಬೆಸೆದು, ಎರಡರ ಪೊರೆಯ ಪ್ರೋಟೀನುಗಳಿಗೆ ಹೊಳೆಯುವ ಬೇರೆ ಬೇರೆ ಬಣ್ಣಗಳ ಗುರುತು ಹಚ್ಚಿದರು. ಮೊದಲು ಅರ್ಧಕ್ಕೊಂದು ಬಣ್ಣವಿದ್ದ ಕೋಶದಲ್ಲಿ, 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 40 ನಿಮಿಷ ಕಳೆಯುವುದರೊಳಗೆ ಎರಡು ಬಣ್ಣಗಳೂ ಪೂರ್ತಿ ಬೆರೆತುಹೋಗಿದ್ದವು; ಉಷ್ಣತೆ ಇಳಿಸಿದಾಗ ಆ ಬೆರಕೆ ಬಹಳ ನಿಧಾನವಾಯಿತು. ಈ ಚಲನೆ ಇರುವುದರಿಂದಲೇ ಕೋಶ ಬೆಳೆಯುವಾಗ ಹೊಸ ಅಣುಗಳು ನಡುವೆ ಸೇರಿಕೊಳ್ಳಲು ಸಾಧ್ಯ, ವಿಭಜನೆಯ ಹೊತ್ತಿಗೆ ಪೊರೆ ಸೋರದೆ ನಡುವೆ ಹಿಸುಕಿಕೊಂಡು ಎರಡಾಗಲು ಸಾಧ್ಯ. ತಂಪು ಹೆಚ್ಚಾದಾಗ ಅನೇಕ ಬ್ಯಾಕ್ಟೀರಿಯಾಗಳು ಬಾಲಗಳಲ್ಲಿ ದ್ವಿಬಂಧಗಳನ್ನು ಹೆಚ್ಚಿಸಿ, ಅಂದರೆ ಬಾಲಗಳು ನೇರವಾಗಿ ಒತ್ತಾಗಿ ಕೂಡದಂತೆ ಡೊಂಕು ಮಾಡಿಕೊಂಡು, ಈ ಹರಿವನ್ನು ಕಾಪಾಡಿಕೊಳ್ಳುತ್ತವೆ. ನಿಮ್ಮ ಊಹೆಗೆ ಹತ್ತಿರವಾದ ಉದಾಹರಣೆಯೂ ಇಲ್ಲದಿಲ್ಲ: ಕುದಿಯುವಷ್ಟು ಬಿಸಿಯಾದ ಚಿಲುಮೆಗಳಲ್ಲಿ ಬದುಕುವ ಕೆಲವು ಆರ್ಕಿಯಾಗಳಲ್ಲಿ (ಬ್ಯಾಕ್ಟೀರಿಯಾಗಳಂತೆ ಕಾಣುವ, ಆದರೆ ಬೇರೆಯೇ ಗುಂಪಿನ ಏಕಕೋಶ ಜೀವಿಗಳಲ್ಲಿ) ಎದುರುಬದುರಿನ ಬಾಲಗಳೇ ಕೂಡಿಕೊಂಡು ಎರಡೂ ತುದಿಗೆ ತಲೆಯುಳ್ಳ ಉದ್ದನೆಯ ಅಣುಗಳಿವೆ. ಅಲ್ಲಿಯೂ ಅಕ್ಕಪಕ್ಕದ ಅಣುಗಳ ನಡುವೆ ಅಂಥ ಬಂಧವಿಲ್ಲ.

ಸಡಿಲವಾಗಿದ್ದರೂ ಪೊರೆ ಸೋರುವುದಿಲ್ಲ. ಸೋಡಿಯಂ, ಪೊಟ್ಯಾಸಿಯಂ ಅಯಾನುಗಳು (ಆವೇಶವುಳ್ಳ ಪರಮಾಣುಗಳು) ತಮ್ಮ ಸುತ್ತಲಿನ ನೀರನ್ನು ಬಿಟ್ಟು ಬಾಲಗಳ ಎಣ್ಣೆಯಂಥ ನಡುಭಾಗವನ್ನು ದಾಟಲಾರವು. ಅವು ಪ್ರೋಟೀನುಗಳ ಮೂಲಕವೇ ಹೋಗಬೇಕು. ಅಂಥ ಒಂದು ಪ್ರೋಟೀನ್, ಕೋಶಕ್ಕೆ ಶಕ್ತಿ ಒದಗಿಸುವ ಎಟಿಪಿ ಎಂಬ ಅಣುವಿನ ಪ್ರತಿಯೊಂದರ ಖರ್ಚಿಗೆ 3 ಸೋಡಿಯಂ ಅಯಾನುಗಳನ್ನು ಹೊರಹಾಕಿ 2 ಪೊಟ್ಯಾಸಿಯಂ ಅಯಾನುಗಳನ್ನು ಒಳತರುತ್ತದೆ.

ಈ ವಿವರಣೆಯನ್ನು ಪರೀಕ್ಷಿಸಬೇಕೆಂದರೆ ಸಾಬೂನನ್ನು ನೋಡಿ. ಪೊರೆಯ ಅಣುಗಳು ಗಟ್ಟಿ ಬಂಧಗಳಿಂದ ಬೆಸೆದುಕೊಂಡಿದ್ದರೆ ಕೈಬಿಸಿಯ ನೀರಿನಲ್ಲಿ ಸಾಬೂನು ಅವುಗಳನ್ನು ಬಿಡಿಸಲು ಆಗುತ್ತಿರಲಿಲ್ಲ. ಸಾಬೂನು ಯಾವ ಬಂಧವನ್ನೂ ಮುರಿಯುವುದಿಲ್ಲ. ಅದರ ಅಣುಗಳು ಫಾಸ್ಫೋಲಿಪಿಡ್‌ಗಳ ನಡುವೆ ತೂರಿಕೊಂಡು, ಅವುಗಳ ಬಾಲಗಳಿಗೆ ನೀರಿನಿಂದ ಮರೆಯಾಗಲು ಪುಟ್ಟ ಗೋಳವೆಂಬ ಮತ್ತೊಂದು ಜಾಗ ಒದಗಿಸುತ್ತವೆ, ಪೊರೆ ಕರಗಿಹೋಗುತ್ತದೆ. ಕೊಬ್ಬಿನ ಹೊದಿಕೆಯಿರುವ ವೈರಸ್‌ಗಳು ಸಾಬೂನಿನಿಂದ ಕೈ ತೊಳೆದಾಗ ನಾಶವಾಗುವುದೂ ಹೀಗೆಯೇ.