ಅಪ್ಪ ತಂದಿಟ್ಟ ಅರ್ಧ ಡಾಲರ್‌ಗಳಲ್ಲಿ ಬೆಳ್ಳಿ ಎಷ್ಟಿದೆ?

ಪ್ರಶ್ನೆ: ನನ್ನ ತಂದೆ ಹಡಗಿನಲ್ಲಿ ಕೆಲಸದಲ್ಲಿದ್ದರು. ಅವರ ಪೆಟ್ಟಿಗೆಯಲ್ಲಿ ಅಮೆರಿಕದ ಐದು ಅರ್ಧ ಡಾಲರ್ ನಾಣ್ಯಗಳು ಸಿಕ್ಕಿವೆ. ನಾಲ್ಕರ ಮೇಲೆ 1943, 1952, 1964, 1967 ಎಂಬ ಇಸವಿಗಳಿವೆ, ಒಂದರ ಮೇಲೆ 1776–1976 ಎಂದಿದೆ. ಎಲ್ಲವೂ ಕಪ್ಪಾಗಿವೆ. ಇವು ಬೆಳ್ಳಿಯವೇ? ವಿಭೂತಿಯಲ್ಲಿ ತಿಕ್ಕಿ ಚಿನಿವಾರರಿಗೆ ತೋರಿಸಬಹುದೇ?
— ಓದುಗರೊಬ್ಬರು, ಉಡುಪಿ

ಉತ್ತರ: ದಯವಿಟ್ಟು ತಿಕ್ಕಬೇಡಿ. ದೇವರ ಮನೆಯ ದೀಪಕ್ಕೆ ವಿಭೂತಿ ಸರಿ, ನಾಣ್ಯಕ್ಕೆ ಅಲ್ಲ. ಆ ಕಪ್ಪು, ಗಾಳಿಯಲ್ಲಿರುವ ಗಂಧಕದ ಅಂಶ ತಾಗಿ ಬೆಳ್ಳಿಯ ಮೇಲೆ ತಾನಾಗಿ ಕೂತ ಪದರ. ಅದನ್ನು ಉಜ್ಜಿದರೆ ಟಂಕಸಾಲೆಯ ಮೂಲ ಹೊಳಪೂ ಹೋಗಿ ಕೂದಲೆಳೆಯಂಥ ಗೀರು ಉಳಿಯುತ್ತದೆ. ಸಂಗ್ರಾಹಕರು ಆ ಗೀರನ್ನು ಒಂದೇ ನೋಟಕ್ಕೆ ಹಿಡಿಯುತ್ತಾರೆ, ಬೆಲೆ ಅಲ್ಲಿಗೇ ಕುಸಿಯುತ್ತದೆ. ಹುಣಸೆಹಣ್ಣು, ಟೂತ್‌ಪೇಸ್ಟ್ ಕೂಡ ಬೇಡ.

ಇನ್ನು ಬೆಳ್ಳಿ. ಅದನ್ನು ಇಸವಿಯೇ ಹೇಳುತ್ತದೆ. 1964ರವರೆಗಿನ ಅರ್ಧ ಡಾಲರ್ ಶೇ 90 ಬೆಳ್ಳಿ, ಉಳಿದದ್ದು ತಾಮ್ರ. ತೂಕ 12.5 ಗ್ರಾಂ, ಅದರಲ್ಲಿ ಅಪ್ಪಟ ಬೆಳ್ಳಿ 11.25 ಗ್ರಾಂ. ನಮ್ಮ ಹಳೆಯ ಲೆಕ್ಕದಲ್ಲಿ ಒಂದು ತೊಲಕ್ಕೆ ತುಸು ಕಡಿಮೆ. ನಿಮ್ಮ ಮೊದಲ ಮೂರು ನಾಣ್ಯಗಳು ಈ ಗುಂಪಿನವು. ಬೆಳ್ಳಿಯ ಬೆಲೆ ಏರಿದಾಗ ಅಮೆರಿಕ 1965ರಲ್ಲಿ ಕಾನೂನು ತಂದು ಅರ್ಧ ಡಾಲರ್‌ನ ಬೆಳ್ಳಿಯನ್ನು ಶೇ 40ಕ್ಕೆ ಇಳಿಸಿತು. ಅದು 1970ರವರೆಗೆ ನಡೆಯಿತು. ಹಾಗಾಗಿ ನಿಮ್ಮ 1967ರದ್ದು 11.5 ಗ್ರಾಂ ತೂಗಿದರೂ ಬೆಳ್ಳಿ 4.6 ಗ್ರಾಂ ಮಾತ್ರ. ನಮ್ಮ ರೂಪಾಯಿಯ ಕಥೆಯೂ ಹೀಗೆಯೇ: ಎರಡನೇ ಮಹಾಯುದ್ಧದ ಹೊತ್ತಿಗೆ ಬೆಳ್ಳಿ ಅರ್ಧಕ್ಕೆ ಇಳಿದು, 1947ರಲ್ಲಿ ನಿಕಲ್ ಬಂತು.

1776–1976 ನಾಣ್ಯವೇ ನಿಜವಾಗಿ ನೋಡಬೇಕಾದದ್ದು. ಕೆನಡಿ ಮುಖವಿರುವ ಬದಿಯಲ್ಲಿ, ಇಸವಿಗಿಂತ ಸ್ವಲ್ಪ ಮೇಲೆ ಭೂತಗನ್ನಡಿಯಲ್ಲಿ ನೋಡಿ. ಯಾವ ಟಂಕಸಾಲೆಯದೆಂದು ಹೇಳುವ ಅಕ್ಷರ ಅಲ್ಲಿರುತ್ತದೆ. ಅಕ್ಷರವೇ ಇಲ್ಲದಿದ್ದರೆ ಅಥವಾ ‘ಡಿ’ (ಡೆನ್ವರ್) ಇದ್ದರೆ ಅದು ತಾಮ್ರ-ನಿಕಲ್, ಬೆಳ್ಳಿಯಿಲ್ಲ. ‘ಎಸ್’ (ಸ್ಯಾನ್ ಫ್ರಾನ್ಸಿಸ್ಕೊ) ಇದ್ದರೆ ಶೇ 40 ಬೆಳ್ಳಿಯದಾಗಿರಬಹುದು, ಆದರೆ ‘ಎಸ್’ ಇರುವ ತಾಮ್ರ-ನಿಕಲ್ ನಾಣ್ಯಗಳೂ ಇವೆ. ಆಗ ಅಂಚು ತಿರುಗಿಸಿ ನೋಡಿ. ಕೆಂಪು ತಾಮ್ರದ ಗೆರೆ ಎದ್ದು ಕಂಡರೆ ಬೆಳ್ಳಿಯದಲ್ಲ. ಅಯಸ್ಕಾಂತ ಇಲ್ಲಿ ಸಹಾಯಕ್ಕೆ ಬರುವುದಿಲ್ಲ, ಎರಡು ಬಗೆಯೂ ಅದಕ್ಕೆ ಅಂಟುವುದಿಲ್ಲ.

ಸಂಗ್ರಾಹಕರ ಬೆಲೆಯ ಬಗ್ಗೆ ನೇರವಾಗಿ ಹೇಳುತ್ತೇನೆ, ನಿಮಗೆ ಸುಳ್ಳು ಆಸೆ ಹುಟ್ಟಿಸಲಾರೆ. 1943ರಲ್ಲಿ ಫಿಲಡೆಲ್ಫಿಯ ಟಂಕಸಾಲೆಯೊಂದೇ ಐದು ಕೋಟಿಗೂ ಹೆಚ್ಚು ಅರ್ಧ ಡಾಲರ್ ಅಚ್ಚು ಹಾಕಿತ್ತು. 1964ರ ಕೆನಡಿ ನಾಣ್ಯವನ್ನು ಅಧ್ಯಕ್ಷರ ಹತ್ಯೆಯ ನೋವಿನಲ್ಲಿ ಜನ ನೆನಪಿಗೆಂದು ಎತ್ತಿಟ್ಟುಕೊಂಡರು, ಅದು ಇಂದಿಗೂ ಮನೆಮನೆಯಲ್ಲಿದೆ. ಸವೆದ ಸ್ಥಿತಿಯಲ್ಲಿ ಇವಕ್ಕೆಲ್ಲ ಬೆಳ್ಳಿಯ ಬೆಲೆಗಿಂತ ಹೆಚ್ಚೇನೂ ಸಿಗದು. ನಿಮ್ಮ 1943ರದ್ದು ಸೇರುವ, ನಡೆಯುವ ಲಿಬರ್ಟಿ (ಸ್ವಾತಂತ್ರ್ಯ ದೇವಿ) ಚಿತ್ರದ ಸರಣಿಯಲ್ಲಿ (1916–1947) ಅಪರೂಪದವು 1921ರವು. ಡೆನ್ವರ್‌ನಲ್ಲಿ ಆ ವರ್ಷ ಬರೀ 2,08,000 ಅಚ್ಚಾದವು. 1938ರ ‘ಡಿ’ ಕೂಡ ಐದು ಲಕ್ಷ ಮುಟ್ಟಲಿಲ್ಲ. ಕೆನಡಿಯಲ್ಲಿ 1970ರ ‘ಡಿ’ ಚಲಾವಣೆಗೇ ಬರದೆ ಸಂಗ್ರಾಹಕರ ಸೆಟ್‌ಗಳಲ್ಲಿ ಮಾತ್ರ ಹೋಯಿತು. ನಿಮ್ಮಲ್ಲಿ ಇವು ಯಾವುವೂ ಇಲ್ಲ.

ಆದರೂ ಬೆಂಜಮಿನ್ ಫ್ರಾಂಕ್ಲಿನ್ ಮುಖವಿರುವ 1952ರ ನಾಣ್ಯವನ್ನು ಇನ್ನೊಮ್ಮೆ ನೋಡಿ. ಅದರ ಹಿಂಬದಿಯ ಗಂಟೆಯ ಕೆಳಭಾಗದಲ್ಲಿ ಅಡ್ಡಗೆರೆಗಳಿವೆ. ಅವು ಎಲ್ಲಿಯೂ ತುಂಡಾಗದೆ ಪೂರ್ತಿ ಇದ್ದು, ನಾಣ್ಯ ಚಲಾವಣೆಯಲ್ಲಿ ಸವೆಯದಿದ್ದರೆ ಸಂಗ್ರಾಹಕರು ಹೆಚ್ಚು ಕೊಡುತ್ತಾರೆ.

ಮಾರಲೇಬೇಕಿದ್ದರೆ ಮೊದಲ ಮೂರಕ್ಕೆ ತಲಾ 11.25 ಗ್ರಾಂ, 1967ರದ್ದಕ್ಕೆ 4.6 ಗ್ರಾಂ ಎಂದು ಹಿಡಿದು ಆ ದಿನದ ಗ್ರಾಂ ಬೆಳ್ಳಿ ದರದಿಂದ ಗುಣಿಸಿ, ಆ ಮೊತ್ತವನ್ನು ತಲೆಯಲ್ಲಿಟ್ಟುಕೊಂಡು ಹೋಗಿ. ಕರಗಿಸಲು ಕೊಳ್ಳುವವರು ಅದರಲ್ಲಿ ಸ್ವಲ್ಪ ಕಳೆದೇ ಕೊಡುತ್ತಾರೆ. ಅದಕ್ಕಿಂತ ಮೊದಲು ಒಬ್ಬ ನಾಣ್ಯ ಸಂಗ್ರಾಹಕರಿಗೆ ತೋರಿಸಿ. ಅಂಚು ಹಿಡಿದು ಎತ್ತಿ, ಬೆರಳು ಮುಖಕ್ಕೆ ತಾಗದಿರಲಿ.