ಫೋನೂ ಹೌದು, ಕಂಪ್ಯೂಟರೂ ಹೌದು: ಇಷ್ಟು ದುಬಾರಿ ಸರಕು ಗೆದ್ದೀತೇ?

ಪ್ರಶ್ನೆ: ಹಾಸನದಲ್ಲಿ ನನ್ನದೊಂದು ಮೊಬೈಲ್ ಅಂಗಡಿಯಿದೆ. ಒಂದೂವರೆ ಲಕ್ಷ ರೂಪಾಯಿ ದಾಟಿದ ಮಡಚುವ ಫೋನ್‌ಗಳನ್ನು ತರಿಸಿ ಎಂದು ವಿತರಕರು ಒತ್ತಾಯಿಸುತ್ತಿದ್ದಾರೆ. ಮಡಚಿದರೆ ಫೋನ್, ಬಿಡಿಸಿದರೆ ಟ್ಯಾಬ್, ಲ್ಯಾಪ್‌ಟಾಪೇ ಬೇಡ ಎನ್ನುತ್ತಾರೆ. ಫೋನಿಗೆ ಕಂಪ್ಯೂಟರ್ ಸೇರಿಸಿದ ದುಬಾರಿ ಯಂತ್ರಗಳು ಹಿಂದೆಯೂ ಬಂದಿದ್ದವಂತೆ. ಅವು ಗೆದ್ದವೇ? ನಾನು ಬಂಡವಾಳ ಹಾಕಬಹುದೇ?

ಉತ್ತರ: ಕೆಲವು ಗೆದ್ದಿವೆ. ಆದರೆ ಗೆದ್ದವುಗಳನ್ನು ಬಳಸಿದವರಲ್ಲಿ ಹೆಚ್ಚಿನವರು ಪೂರ್ತಿ ಬೆಲೆಯನ್ನು ತಮ್ಮ ಜೇಬಿನಿಂದ ಒಮ್ಮೆಗೇ ಕೊಟ್ಟವರಲ್ಲ. ವ್ಯಾಪಾರಿಯಾದ ನೀವು ಮೊದಲು ನೋಡಬೇಕಾದದ್ದು ಇದನ್ನೇ.

ಐಬಿಎಂ ರೂಪಿಸಿದ ‘ಸೈಮನ್’ ಫೋನ್ ಅಮೆರಿಕದಲ್ಲಿ ಮಾರಾಟಕ್ಕೆ ಬಂದದ್ದು 1994ರ ಆಗಸ್ಟ್‌ನಲ್ಲಿ. ಸ್ಪರ್ಶ ಪರದೆ, ಕ್ಯಾಲೆಂಡರ್, ಫ್ಯಾಕ್ಸ್, ಇಮೇಲ್ ಎಲ್ಲವೂ ಅದರಲ್ಲಿದ್ದವು. ತೂಕ ಅರ್ಧ ಕಿಲೋ. ದೂರವಾಣಿ ಕಂಪನಿಯೊಂದಿಗೆ ಎರಡು ವರ್ಷದ ಕರಾರಿಗೆ ಸಹಿ ಹಾಕಿದರೂ 899 ಡಾಲರ್ ತೆರಬೇಕಿತ್ತು. ಅಷ್ಟು ಕೊಟ್ಟವನಿಗೆ ಬ್ಯಾಟರಿ ಸುಮಾರು ಒಂದು ಗಂಟೆ ಮಾತನಾಡಲು ಬಿಡುತ್ತಿತ್ತು. ಬೆಲೆ ಇಳಿಸಿದರೂ ಸುಮಾರು 50 ಸಾವಿರ ಫೋನ್‌ಗಳಿಗಿಂತ ಹೆಚ್ಚು ಮಾರಾಟವಾಗಲಿಲ್ಲ.

1996ರಲ್ಲಿ ಬಂದ ನೋಕಿಯಾ 9000 ಕಮ್ಯುನಿಕೇಟರ್ ಕೂಡ ಅಗ್ಗವಾಗಿರಲಿಲ್ಲ, ಹಗುರವೂ ಅಲ್ಲ, 397 ಗ್ರಾಂ. ಕನ್ನಡಕದ ಪೆಟ್ಟಿಗೆಯಂತೆ ತೆರೆದರೆ ಒಳಗೆ ಕೀಲಿಮಣೆ. ಇಂಟರ್ನೆಟ್ ವೇಗ ಸೆಕೆಂಡಿಗೆ 9.6 ಕಿಲೋಬಿಟ್, ಅಂದರೆ ಒಂದು ಎಂಬಿ ಕಡತ ಇಳಿಯಲು ಕಾಲು ಗಂಟೆ. ಆದರೂ ಈ ವಂಶ 2007ರ ಇ90ವರೆಗೆ ಬಾಳಿತು. ಮುಚ್ಚಿಟ್ಟಾಗ ಅದು ನೆಟ್ಟಗೆ ಕೆಲಸ ಮಾಡುವ ಫೋನ್ ಆಗಿತ್ತು ಎಂಬುದು ಒಂದು ಕಾರಣ. ಕೊಂಡವರಲ್ಲಿ ಕಂಪನಿಯ ಖರ್ಚಿನಲ್ಲಿ ತಿರುಗುವ ಅಧಿಕಾರಿಗಳು ಹೆಚ್ಚಿದ್ದರು ಎಂಬುದು ಇನ್ನೊಂದು, ನನ್ನ ಮಟ್ಟಿಗೆ ದೊಡ್ಡದು. ಬ್ಲ್ಯಾಕ್‌ಬೆರಿಯ ಕತೆಯೂ ಇದೇ. 2002ರ 5810 ಮಾದರಿಯಲ್ಲಿ ಇಯರ್‌ಫೋನ್ ಸಿಕ್ಕಿಸದೆ ಮಾತನಾಡುವಂತೆಯೇ ಇರಲಿಲ್ಲ! ಕಚೇರಿಯ ಇಮೇಲ್ ಬರುತ್ತಿದ್ದುದರಿಂದ ಕಚೇರಿಯೇ ದುಡ್ಡು ಕೊಟ್ಟಿತು.

ಐಫೋನ್ ಇದನ್ನು ಇನ್ನೂ ಸ್ಪಷ್ಟಪಡಿಸುತ್ತದೆ. 2007ರಲ್ಲಿ ಅದರ ಬೆಲೆ 499 ಮತ್ತು 599 ಡಾಲರ್, ಅದೂ ಕರಾರಿನೊಂದಿಗೆ. ಮೈಕ್ರೋಸಾಫ್ಟ್‌ನ ಸ್ಟೀವ್ ಬಾಮರ್ ಸಂದರ್ಶನದಲ್ಲಿ ನಕ್ಕುಬಿಟ್ಟರು. ಆ ನಗು ಇಂದಿಗೂ ಗೇಲಿಗೆ ವಸ್ತುವಾಗಿದೆ, ಆದರೆ ಬೆಲೆಯ ವಿಷಯದಲ್ಲಿ ಅವರು ಪೂರ್ತಿ ತಪ್ಪಿರಲಿಲ್ಲ: ಎರಡೂವರೆ ತಿಂಗಳೊಳಗೆ ಆಪಲ್ 599ನ್ನು 399ಕ್ಕೆ ಇಳಿಸಿತು. ಮರುವರ್ಷ ಐಫೋನ್ 3ಜಿ ಅಮೆರಿಕದಲ್ಲಿ 199 ಡಾಲರಿಗೆ ಸಿಕ್ಕಿತು. ಉಳಿದ ಹಣವನ್ನು ದೂರವಾಣಿ ಕಂಪನಿ ತಾನು ಕೊಟ್ಟು, ತಿಂಗಳ ಬಿಲ್ಲಿನಲ್ಲಿ ವಸೂಲು ಮಾಡಿತು. 2008ರ ಆಗಸ್ಟ್‌ನಲ್ಲಿ ಅದೇ ಫೋನ್ ಭಾರತಕ್ಕೆ ಬಂದಾಗ ಬೆಲೆ 31,000 ರೂಪಾಯಿ. ಅಂದಿನ ಲೆಕ್ಕದಲ್ಲಿ 199 ಡಾಲರ್ ಒಂಬತ್ತು ಸಾವಿರವೂ ಆಗುತ್ತಿರಲಿಲ್ಲ. ಕರಾರಿನ ಪದ್ಧತಿ ಇಲ್ಲಿ ಇರಲಿಲ್ಲ, 3ಜಿ ಸೇವೆ ಇನ್ನೂ ಶುರುವಾಗಿರಲಿಲ್ಲ. ಕೊಳ್ಳುವವರು ಅಂಗಡಿಗೆ ಬಂದು, ನೋಡಿ, ಹೋದರು.

ಮಡಚುವ ಫೋನ್‌ಗೆ ಬರೋಣ. 2019ರ ಏಪ್ರಿಲ್‌ನಲ್ಲಿ ಸ್ಯಾಮ್‌ಸಂಗ್‌ನ ಮೊದಲ ಫೋಲ್ಡ್‌ನ ಪರದೆ ಕೆಲವು ವಿಮರ್ಶಕರ ಕೈಯಲ್ಲೇ ಕೆಟ್ಟು, ಮಾರಾಟ ಸೆಪ್ಟೆಂಬರ್‌ಗೆ ಹೋಯಿತು. ಆಮೇಲಿನವು ಗಟ್ಟಿಯಾಗಿವೆ, ಬೆಲೆ ಮಾತ್ರ ಕೆಳಗಿಳಿದಿಲ್ಲ. ಲ್ಯಾಪ್‌ಟಾಪ್ ಬೇಡ ಎಂಬ ಮಾತನ್ನು ಗ್ರಾಹಕರಿಗೆ ಹೇಳಲು ಹೋಗಬೇಡಿ. 2011ರಲ್ಲಿ ಮೊಟೊರೊಲಾ ಆಟ್ರಿಕ್ಸ್ ಕೂಡ ಇದನ್ನೇ ಹೇಳಿತ್ತು. ಫೋನ್ ಸಿಕ್ಕಿಸಿ ಲ್ಯಾಪ್‌ಟಾಪಿನಂತೆ ಬಳಸುವ, ಪರದೆ ಮತ್ತು ಕೀಲಿಮಣೆಯಿದ್ದ ಅದರ ಡಾಕ್‌ನ ಬೆಲೆಗೆ ಪುಟ್ಟ ಲ್ಯಾಪ್‌ಟಾಪನ್ನೇ ಕೊಳ್ಳಬಹುದಿತ್ತು.

ಹಾಗಾಗಿ ಸರಕು ಪೇರಿಸಬೇಡಿ. ತೋರಿಸಲು ಒಂದು ಡೆಮೊ ಇಟ್ಟುಕೊಳ್ಳಿ, ಮುಂಗಡ ಪಡೆದು ತರಿಸಿಕೊಡಿ. ಬಡ್ಡಿಯಿಲ್ಲದ ಕಂತು, ಹಳೆಯ ಫೋನಿನ ವಿನಿಮಯ, ಕಾರ್ಡ್ ರಿಯಾಯಿತಿ ಇವು ಮೂರೂ ನಿಮ್ಮ ಅಂಗಡಿಯಲ್ಲಿ ಸಿಗುತ್ತವೆಯೇ ಎಂದು ವಿತರಕರನ್ನು ಮೊದಲು ಕೇಳಿ. ಇಲ್ಲವಾದರೆ ಗ್ರಾಹಕ ಆನ್‌ಲೈನ್‌ಗೆ ಹೋಗುತ್ತಾನೆ. ಒಳಪರದೆ ಬದಲಿಸಲು ಎಷ್ಟಾಗುತ್ತದೆ ಎಂಬುದನ್ನು ಮಾರುವ ಮುನ್ನವೇ ಹೇಳಿಬಿಡಿ. ಆ ಮೊತ್ತಕ್ಕೆ ಒಂದು ಒಳ್ಳೆಯ ಫೋನೇ ಬರುತ್ತದೆ. ನಂತರ ಗೊತ್ತಾದರೆ ಜಗಳ ನಿಮ್ಮ ಕೌಂಟರಿನಲ್ಲಿಯೇ.

ಪ್ರಶ್ನೆ: ನಮ್ಮ ಬೆಂಗಳೂರಿನ ಸಿಂಪ್ಯೂಟರ್ ಅಗ್ಗವಾಗಿತ್ತಲ್ಲ, ಅದೇಕೆ ಸೋತಿತು? ಫೋನ್ ಸೇರಿಸಿದ್ದರೆ ಉಳಿಯುತ್ತಿತ್ತೇ?

ಉತ್ತರ: ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಮತ್ತು ಎನ್ಕೋರ್ ಕಂಪನಿಯವರು ಸೇರಿ ರೂಪಿಸಿದ ಅಂಗೈ ಕಂಪ್ಯೂಟರ್ ಅದು. 2004ರಲ್ಲಿ ಬಿಇಎಲ್ ಜೊತೆಗೂಡಿ ತಂದ ‘ಅಮಿಡಾ’ ಮಾದರಿಯ ಬೆಲೆ ಸುಮಾರು ಹತ್ತು ಸಾವಿರದಿಂದ ಆರಂಭವಾಗುತ್ತಿತ್ತು. ಅಮೆರಿಕದವರಿಗೆ ಅಗ್ಗ, ಯಾರಿಗಾಗಿ ಮಾಡಿದರೋ ಆ ಹಳ್ಳಿಯವರಿಗೆ ಅಲ್ಲ. ಅದಕ್ಕೂ ಒಂದು ವರ್ಷ ಮೊದಲೇ ರಿಲಯನ್ಸ್ 501 ರೂಪಾಯಿ ಮುಂಗಡಕ್ಕೆ ಮೊಬೈಲ್ ಕೊಟ್ಟು, ಉಳಿದದ್ದನ್ನು ಬಿಲ್ಲಿನಲ್ಲಿ ಕಟ್ಟಿಸಿಕೊಳ್ಳತೊಡಗಿತ್ತು. ಸಿಂಪ್ಯೂಟರ್‌ನ ಹಿಂದೆ ಒಳ್ಳೆಯ ಎಂಜಿನಿಯರುಗಳಿದ್ದರು, ಹಾಗೆ ಸಾಲ ಕೊಡುವ ಕಂಪನಿ ಇರಲಿಲ್ಲ. ಫೋನ್ ಸೇರಿಸಿದ್ದರೆ ಬೆಲೆ ಇನ್ನಷ್ಟು ಏರುತ್ತಿತ್ತು ಅಷ್ಟೇ.